ತಲೆಪೆಟ್ಟಿನ ಚೀಟಿ: ಮುಂದಿನ ಪುಟಕ್ಕೆ ನಾಲ್ಕು ಸ್ಟಾರ್, ಹಿಂದಿನ ಪುಟ ಖಾಲಿ

ಬೈಕಿನಿಂದ ಬಿದ್ದೋ, ಬಚ್ಚಲಲ್ಲಿ ಜಾರಿಯೋ, ರಾತ್ರಿ ಹೊತ್ತು ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಗುದ್ದಿಯೋ ತಲೆಗೆ ಪೆಟ್ಟು ಮಾಡಿಕೊಂಡವರು ಮೈಸೂರು, ಮಂಡ್ಯದ ಕ್ಯಾಶುಯಾಲ್ಟಿಗಳಿಂದ ಹೊರಗೆ ಬರುವಾಗ ಸಾಮಾನ್ಯವಾಗಿ ಕೈಯಲ್ಲಿ ಮೂರು ಕಾಗದ ಇರುತ್ತವೆ. ಸಿಟಿ ಸ್ಕ್ಯಾನ್ ಮಾಡಿದ್ದರೆ ಅದರ ಫಿಲಂ, ಮಾತ್ರೆಯ ಚೀಟಿ, ಮತ್ತು 'ಹೆಡ್ ಇಂಜುರಿ ಅಡ್ವೈಸ್' ಎಂಬ ಒಂದು ಹಾಳೆ. ಕೆಲವು ಕಡೆ ಅದು ಕನ್ನಡದಲ್ಲಿ ಅಚ್ಚಾಗಿರುತ್ತದೆ. ಕೆಲವು ಕಡೆ ಡಿಸ್ಚಾರ್ಜ್ ಸಮ್ಮರಿಯ ಕೊನೆಗೆ ಇಂಗ್ಲಿಷಿನ ನಾಲ್ಕು ಸಾಲು. ಇನ್ನು ಕೆಲವು ಕಡೆ ಹಾಳೆಯೂ ಇಲ್ಲ. "ವಾಂತಿ ಆದ್ರೆ ಕರ್ಕೊಂಡ್ಬನ್ನಿ ಅಮ್ಮ" ಅಂತ ಸಿಸ್ಟರ್ ಬಾಯಲ್ಲಿ ಹೇಳಿದ್ದೇ ಹಾಳೆ. ಈ ವಿಮರ್ಶೆ ಆ ಹಾಳೆಯದು. ಒಂದು ಆಸ್ಪತ್ರೆಯದಲ್ಲ, ಇಂಥ ಹಾಳೆಗಳಲ್ಲಿ ಸಾಮಾನ್ಯವಾಗಿ ಇರುವುದರ ಮತ್ತು ಇಲ್ಲದ್ದರ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೊದಲ ಎರಡು ದಿನಕ್ಕೆ ಇದು ಒಳ್ಳೆಯ ಹಾಳೆ, ಜೀವ ಉಳಿಸುವ ಹಾಳೆ. ಮೂರನೇ ದಿನದಿಂದ ಮೂರನೇ ತಿಂಗಳವರೆಗೆ ಅದರಲ್ಲಿ ಏನೂ ಇಲ್ಲ. ಬಿಡದ ತಲೆನೋವು ಜನರನ್ನು ಕಾಡುವುದು ಆ ಅವಧಿಯಲ್ಲೇ.

ಹಾಳೆಯ ಮುಂದಿನ ಪುಟದಲ್ಲಿ, ಅಂದರೆ ಮುಂಬದಿಯಲ್ಲಿ, ಇರುವುದು ಅಪಾಯದ ಲಕ್ಷಣಗಳು. ಗಂಟೆಗಂಟೆಗೂ ಏರುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಗುರುತು ಹಿಡಿಯದೆ ಏನೇನೋ ಮಾತಾಡುವುದು. ಇದರಲ್ಲಿ ಒಂದು ಕಂಡರೂ ಸಾಕು, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಮೈಸೂರಿನವರಾದರೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಆವರಣದ ಟ್ರಾಮಾ ಕೇರ್ ಸೆಂಟರ್, ಮಂಡ್ಯದವರಾದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್, ಅಥವಾ ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಇರುವ ಯಾವುದೇ ಆಸ್ಪತ್ರೆ. ಕೈಗೂಸುಗಳ ವಿಷಯದಲ್ಲಿ ಇನ್ನೆರಡು ಸೇರಬೇಕು: ಮೆತ್ತನೆಯ ನೆತ್ತಿ ಉಬ್ಬಿಕೊಳ್ಳುವುದು, ಮೊಲೆಹಾಲು ಬಿಟ್ಟು ಸಮಾಧಾನವೇ ಆಗದೆ ಅಳುವುದು. ಅಚ್ಚಾದ ಹಾಳೆಗಳಲ್ಲೂ ಮಕ್ಕಳ ಈ ಸಾಲು ಎಷ್ಟೋ ಸಲ ಇರುವುದಿಲ್ಲ.

ಇಷ್ಟು ಜೋರಾಗಿ ಎಚ್ಚರಿಸುವುದು ಯಾಕೆ ಎಂದು ಹಾಳೆ ಹೇಳುವುದಿಲ್ಲ. ಹೇಳಿದ್ದರೆ ಜನ ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು. ಕಿವಿಯ ಮೇಲ್ಭಾಗದಲ್ಲಿ ಕಪಾಲದ ಮೂಳೆ ತೆಳು, ಅದರ ಒಳಮೈಗೆ ಒತ್ತಿಕೊಂಡೇ ಒಂದು ರಕ್ತನಾಳ ಹರಿಯುತ್ತದೆ. ಮೂಳೆ ಬಿರುಕು ಬಿಟ್ಟು ಆ ನಾಳ ಹರಿದರೆ ಮೂಳೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ತುಂಬುತ್ತದೆ. ಬಿದ್ದವನು ಎದ್ದು ಕೂತು, ಕಾಫಿ ಕುಡಿದು, "ಏನೂ ಆಗಿಲ್ಲ ಬಿಡಿ" ಅಂದು, ಕೆಲವು ಗಂಟೆ ಕಳೆದ ಮೇಲೆ ಕುಸಿಯುವುದು ಇದರಿಂದಲೇ. ನಡುವೆ ಚೆನ್ನಾಗಿದ್ದ ಆ ಹೊತ್ತನ್ನು ನಂಬುವಂತಿಲ್ಲ. ಅದಕ್ಕೇ ಮೊದಲ 24 ಗಂಟೆ ಪಕ್ಕದಲ್ಲಿ ಒಬ್ಬರು ಇರಲೇಬೇಕು ಎನ್ನುವುದು. ರೂಮು ಮಾಡಿಕೊಂಡು ಒಬ್ಬರೇ ಇರುವ ಹುಡುಗರು ಆ ರಾತ್ರಿ ಸ್ನೇಹಿತರನ್ನು ಕರೆಸಿಕೊಳ್ಳಲಿ, ಇಲ್ಲವೇ ಊರಿಗೆ ಹೋಗಲಿ. ಹೋಗುವಾಗ ಬೈಕ್ ಓಡಿಸಿಕೊಂಡು ಹೋಗಬಾರದು.

ಒಂದು ಸ್ಟಾರ್ ಕತ್ತರಿಸಿದ್ದು 'ನಿದ್ದೆ'ಯ ಸಾಲಿಗೆ. "ರಾತ್ರಿಯಿಡೀ ಮಲಗಲು ಬಿಡಬೇಡಿ" ಎಂಬ ಮಾತು ಇನ್ನೂ ಓಡಾಡುತ್ತಿದೆ. ಡಾಕ್ಟರು ಪರೀಕ್ಷೆ ಮಾಡಿ ಮನೆಗೆ ಕಳಿಸಿದ ಮೇಲೆ ಮಲಗಬಹುದು, ಮಲಗಬೇಕು. ಪೆಟ್ಟು ತಿಂದ ಮಿದುಳು ಸುಧಾರಿಸಲು ನಿದ್ದೆ ಬೇಕೇ ಬೇಕು. ನಡುವೆ ಎಬ್ಬಿಸಿ ನೋಡಿ ಎಂದು ಡಾಕ್ಟರು ಹೇಳಿದ್ದರೆ ಹೆಸರು, ಊರು ಕೇಳಿ, ಎರಡೂ ಕೈ ಎತ್ತಿಸಿ, ಉತ್ತರ ಸರಿಯಿದ್ದರೆ ಮತ್ತೆ ಮಲಗಿಸಿ. ಗಂಟೆಗೊಮ್ಮೆ ಅಲುಗಾಡಿಸಿ ಎಬ್ಬಿಸಿದರೆ ಮಾರನೇ ದಿನದ ತಲೆನೋವು ಪೆಟ್ಟಿನದೋ ನಿದ್ದೆಗೆಟ್ಟಿದ್ದೋ ಎಂದೇ ತಿಳಿಯುವುದಿಲ್ಲ.

ಇನ್ನು 'ಕಂಪ್ಲೀಟ್ ರೆಸ್ಟ್'. ಒಂದೆರಡು ದಿನ ಸರಿ. ಆ 48 ಗಂಟೆಯಲ್ಲಿ ಮೊಬೈಲ್, ಟಿವಿ ಕಡಿಮೆ ಮಾಡಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ಅದಾದ ಮೇಲೂ ಕಿಟಕಿ ಮುಚ್ಚಿ ಕತ್ತಲಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ತಲೆನೋವನ್ನು ಎಳೆದುಕೊಂಡು ಹೋಗುತ್ತದೆ ಎಂಬುದು ಈಗ ಸ್ಪಷ್ಟವಾಗಿದೆ. ಕ್ರೀಡಾವೈದ್ಯರು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ ಒಪ್ಪಿದ ಮಾರ್ಗಸೂಚಿಯ ತಿರುಳೂ ಇದೇ: ಒಂದೆರಡು ದಿನದಲ್ಲೇ ಸಣ್ಣಗೆ ನಡಿಗೆ ಶುರು ಮಾಡಿ. ನಡೆಯುವಾಗ ನೋವು ಹತ್ತರ ಅಳತೆಯಲ್ಲಿ ಎರಡು ಅಂಕದವರೆಗೆ ಏರಿ, ಗಂಟೆಯೊಳಗೆ ಇಳಿದರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚು ಏರಿದರೆ ಅವತ್ತಿಗೆ ನಿಲ್ಲಿಸಿ, ನಾಳೆ ಇನ್ನಷ್ಟು ಕಡಿಮೆ ದೂರ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಸಂಜೆ ತಂಪಿನಲ್ಲಿ ನಡೆಯುವುದಕ್ಕೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಕ್ಕೂ ಇರುವ ವ್ಯತ್ಯಾಸ ಮಾತ್ರ ನೆನಪಿರಲಿ.

ಹಾಳೆಯ ಕೊನೆಯ ಸಾಲು ಬಹಳ ಕಡೆ ಒಂದೇ: 'ರಿವ್ಯೂ ಎಸ್‌ಓಎಸ್'. ತೊಂದರೆಯಾದರೆ ಬನ್ನಿ ಎಂದರ್ಥ. ಯಾವುದು ತೊಂದರೆ, ಎಷ್ಟು ದಿನಕ್ಕೆ, ಯಾವ ಓಪಿಡಿಗೆ ಎಂಬುದು ಯಾವುದೂ ಇಲ್ಲ. ಇದಕ್ಕೆ ಸೊನ್ನೆ. ಇದನ್ನು ನಂಬಿ ಮನೆಗೆ ಹೋದವರು "ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂದವ್ರೆ ಕಣಣ್ಣ, ಆದ್ರೂ ತಲೆ ಸಿಡೀತದೆ" ಎಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುತ್ತಾರೆ. ಮುಂದಿನ ಚಿಕಿತ್ಸೆ ಆ ಕೌಂಟರಿನದೇ.

ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರೆ ಏನೂ ಆಗಿಲ್ಲ ಎಂದಲ್ಲ. ಡಾಕ್ಟರು ಕನ್ಕಶನ್ ಎಂದು ಬರೆಯುವ ಪೆಟ್ಟಿನಲ್ಲಿ ಮಿದುಳು ಕಪಾಲದೊಳಗೆ ಅಲುಗಾಡಿ ನರಕೋಶಗಳ ಕೆಲಸ ಕೆಡುತ್ತದೆ, ಸ್ಕ್ಯಾನಿನಲ್ಲಿ ಕಾಣುವಂತೆ ರಚನೆ ಕೆಡುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ, ಅದನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕಾಗಿ, ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಸಿಟಿ ತೋರಿಸುವುದು ರಕ್ತಸ್ರಾವ, ಮೂಳೆ ಬಿರುಕು, ಊತ. ಅದೂ ಸ್ಕ್ಯಾನ್ ಮಾಡಿದ ಆ ಗಂಟೆಯಲ್ಲಿ ಇದ್ದದ್ದು. ಪ್ರಜ್ಞೆ ತಪ್ಪಲಿಲ್ಲ ಎಂಬುದೂ ಸಮಾಧಾನದ ಮಾತಲ್ಲ, ಕನ್ಕಶನ್ ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪಿರುವುದೇ ಇಲ್ಲ. ದೊಡ್ಡವರಲ್ಲಿ ಬಹುಪಾಲು ಜನ ಎರಡು ವಾರದ ಆಸುಪಾಸಿನಲ್ಲಿ, ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ಅದನ್ನು ದಾಟಿದವರಿಗೆ ಬೇಕಾದದ್ದು ಧೈರ್ಯದ ಮಾತಲ್ಲ, ಎರಡನೇ ಸಲದ ಸರಿಯಾದ ಪರೀಕ್ಷೆ.

ಖಾಲಿ ಬಿಟ್ಟ ಹಿಂದಿನ ಪುಟದಲ್ಲಿ ಮೊದಲು ಬರಬೇಕಾದದ್ದು ವಯಸ್ಸಾದವರ ವಿಷಯ. ಅಜ್ಜಿ ಬಚ್ಚಲಲ್ಲಿ ಜಾರಿ ಬಾಗಿಲಿಗೆ ಹಣೆ ಬಡಿಸಿಕೊಂಡಿರುತ್ತಾರೆ, ಒಂದು ಬುಗುಟು, ಅಷ್ಟೇ. ಎರಡು ಮೂರು ವಾರ ಕಳೆದ ಮೇಲೆ ತಲೆನೋವು, ನಡೆಯುವಾಗ ಒಂದು ಕಡೆಗೆ ವಾಲುವುದು, ಊಟ ಮಾಡಿದ್ದನ್ನು ಮರೆತು ಮತ್ತೆ ಕೇಳುವುದು, ಹಗಲೆಲ್ಲ ತೂಕಡಿಕೆ. ಮನೆಯವರು ಅರಳುಮರಳು ಎನ್ನುತ್ತಾರೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಮಿದುಳಿನಿಂದ ಹೊದಿಕೆಗೆ ಹೋಗುವ ಸಣ್ಣ ಸಿರೆಗಳು ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ರಕ್ತ ಹನಿಹನಿಯಾಗಿ ವಾರಗಟ್ಟಲೆ ಸೇರುತ್ತದೆ. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಎಂಬುದು ಇದೇ. ಕಪಾಲದಲ್ಲಿ ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ, ಆದ್ದರಿಂದ ಇದನ್ನು ಮುಪ್ಪಿನ ಲೆಕ್ಕಕ್ಕೆ ಹಾಕಿ ಕೈಬಿಡಬಾರದು. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರು, ವಾರ್ಫರಿನ್ ತೆಗೆದುಕೊಳ್ಳುವವರು, ದಿನವೂ ಕುಡಿಯುವವರು ವಯಸ್ಸು ಕಡಿಮೆಯಿದ್ದರೂ ಈ ಪಟ್ಟಿಗೆ ಸೇರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಇದೆ ಎಂದು ಕ್ಯಾಶುಯಾಲ್ಟಿಯಲ್ಲಿ ಕೇಳದಿದ್ದರೂ ಹೇಳಿ, ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ. ಹೆದರಿ ನೀವೇ ಅದನ್ನು ನಿಲ್ಲಿಸಲು ಹೋಗಬೇಡಿ.

ಎರಡನೆಯದು ಮೂಗು. ಪೆಟ್ಟಾದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ, ಬಗ್ಗಿದಾಗ ಜಾಸ್ತಿಯಾದರೆ, ಗಂಟಲಿಗೆ ಇಳಿದಾಗ ಉಪ್ಪುಪ್ಪಾಗಿದ್ದರೆ ಅದು ನೆಗಡಿಯಲ್ಲದೆ ಮಿದುಳಿನ ಸುತ್ತಲಿನ ದ್ರವ ಇರಬಹುದು. ಹತ್ತಿ ತುರುಕಬೇಡಿ, ಜೋರಾಗಿ ಸೀಂಟಬೇಡಿ, ಮೂಗಿಗೆ ಡ್ರಾಪ್ಸ್ ಬಿಡಬೇಡಿ. ಅದೇ ದಾರಿಯಲ್ಲಿ ಸೋಂಕು ಒಳಗೆ ಹೋದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಗೇ ಸೋಂಕು. ಇದೇ ಸೋರಿಕೆಯಿಂದ ಬರುವ ತಲೆನೋವಿಗೆ ಒಂದು ಗುರುತಿದೆ: ಎದ್ದು ನಿಂತರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ತಲೆಯೊಳಗಿನ ಒತ್ತಡ ಹೆಚ್ಚಾದಾಗಿನ ನೋವು ಇದಕ್ಕೆ ತದ್ವಿರುದ್ಧ. ಮಲಗಿದರೆ, ಕೆಮ್ಮಿದರೆ, ತಿಣುಕಿದರೆ ಜಾಸ್ತಿ, ಬೆಳಗಿನ ಜಾವ ನೋವಿಗೇ ಎಚ್ಚರ, ಎದ್ದೊಡನೆ ವಾಂತಿ. ಎರಡರಲ್ಲಿ ಯಾವುದಾದರೂ ಓಪಿಡಿ ದಿನಕ್ಕೆ ಕಾಯುವ ವಿಷಯವಲ್ಲ.

ಮೂರನೆಯದು ಕತ್ತು, ಇದನ್ನು ಯಾರೂ ಬರೆಯುವುದಿಲ್ಲ. ತಲೆ ಜರ್ಕ್ ಹೊಡೆದಾಗ ಕತ್ತೂ ಹೊಡೆದಿರುತ್ತದೆ. ಒಂದು ಪಕ್ಕದ ಕತ್ತುನೋವು, ಅದೇ ಪಕ್ಕದ ತಲೆನೋವು, ಆ ಕಡೆಯ ರೆಪ್ಪೆ ಸ್ವಲ್ಪ ಜೋತುಬಿದ್ದು ಪಾಪೆ ಚಿಕ್ಕದಾಗಿದ್ದರೆ ಕತ್ತಿನ ರಕ್ತನಾಳದ ಒಳಪದರ ಸೀಳಿರಬಹುದು. ಅದರಿಂದ ಲಕ್ವ ಹೊಡೆಯುವ ಅಪಾಯವಿದೆ. ಈ ಹೊತ್ತಿನಲ್ಲಿ ಸಲೂನಿಗೆ ಹೋಗಿ ಹೆಡ್ ಮಸಾಜ್ ಮಾಡಿಸಿ, ಕೊನೆಗೆ ಕತ್ತು ತಿರುಚಿ ಲಟಕ್ ಅನ್ನಿಸಿಕೊಳ್ಳುವುದು ತೀರಾ ಅಪಾಯ. ಉಳುಕು ತೆಗೆಸುವುದೂ ಅಷ್ಟೇ. ಹಣೆಗೆ ಅಮೃತಾಂಜನ ಹಚ್ಚಿಕೊಳ್ಳಿ, ಅದಕ್ಕೆ ನಮ್ಮ ತಕರಾರಿಲ್ಲ.

ಈ ಯಾವ ಅಪಾಯವೂ ಇಲ್ಲ, ಆದರೂ ತಲೆನೋವು ಬಿಡುತ್ತಿಲ್ಲ ಎನ್ನುವವರೇ ಬಹುಪಾಲು. ಪೆಟ್ಟಾದ ಏಳು ದಿನದೊಳಗೆ ಶುರುವಾದ ನೋವನ್ನು ಪೆಟ್ಟಿನ ತಲೆನೋವು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಮೂರು ತಿಂಗಳು ದಾಟಿದರೆ ಅದು ಬೇರೂರಿದ್ದು. ಇದು ಒಂದೇ ನೋವಲ್ಲ, ನಾಲ್ಕೈದು ಬಗೆ. ಒಂದು ಪಕ್ಕ ಬಡಿದುಕೊಳ್ಳುತ್ತ, ಬೆಳಕು ಸದ್ದು ಆಗದೆ, ಓಕರಿಕೆ ಬರಿಸುವುದು ಮೈಗ್ರೇನಿನ ಬಗೆ. ತಲೆಯ ಸುತ್ತ ಬಿಗಿದಂತಿದ್ದು ಸಂಜೆಗೆ ಹೆಚ್ಚಾಗುವುದು ಟೆನ್ಷನ್ ಬಗೆ. ಹಿಂಗತ್ತಿನಲ್ಲಿ ಎದ್ದು ಕಣ್ಣಿನವರೆಗೆ ಬರುವ, ಕತ್ತು ತಿರುಗಿಸಿದರೆ ಜಾಸ್ತಿಯಾಗುವ ನೋವಿನ ಮೂಲ ಕತ್ತಿನ ಕೀಲುಗಳು. ಅದಕ್ಕೆ ಮಾತ್ರೆಗಿಂತ ಫಿಸಿಯೋಥೆರಪಿ ಮೇಲು. ಹೊಲಿಗೆ ಹಾಕಿದ ಜಾಗ ಅಥವಾ ತಲೆಯ ಹಿಂಭಾಗ ಮುಟ್ಟಿದರೆ ಚುಳ್ ಎಂದು ಹರಿದರೆ ಅಲ್ಲಿನ ನರದ ತಂಟೆ. ಡಾಕ್ಟರ ಮುಂದೆ "ತಲೆನೋವು ಸಾರ್" ಎಂದಷ್ಟೇ ಹೇಳಿದರೆ ನಾಲ್ಕಕ್ಕೂ ಒಂದೇ ಮಾತ್ರೆ ಬರುತ್ತದೆ. ಎಲ್ಲಿ, ಯಾವಾಗ, ಏನು ಮಾಡಿದರೆ ಹೆಚ್ಚು ಎಂದು ಹೇಳಿದರೆ ಚಿಕಿತ್ಸೆಯೇ ಬೇರೆಯಾಗುತ್ತದೆ.

ಐದನೆಯ ಬಗೆಯನ್ನು ತಯಾರಿಸುವುದು ನಾವೇ. ಮಾತ್ರೆಯಿಂದ ಬರುವ ತಲೆನೋವು ಎಂದರೆ ನಂಬುವವರು ಕಡಿಮೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಬೆರೆಸಿದ ತಲೆನೋವಿನ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೇ ಮೂರು ತಿಂಗಳು ನುಂಗಿದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಮಾತ್ರೆಯ ಕಾವು ಇಳಿದಾಗಲೆಲ್ಲ ನೋವು, ನೋವಿಗೆ ಮತ್ತೆ ಮಾತ್ರೆ. ಗುರುತು ಹಿಡಿಯುವುದು ಸುಲಭ: ನೋವು ದಿನವೂ ಇರುತ್ತದೆ, ಬೆಳಗ್ಗೆ ಏಳುವಾಗಲೇ ಇರುತ್ತದೆ, ಮೊದಲು ಅರ್ಧ ದಿನ ತಡೆಯುತ್ತಿದ್ದ ಮಾತ್ರೆ ಈಗ ಎರಡು ಗಂಟೆಯೂ ತಡೆಯುವುದಿಲ್ಲ. ಆದ್ದರಿಂದ ಮೊದಲ ವಾರ ಡಾಕ್ಟರು ಬರೆದಂತೆ ತೆಗೆದುಕೊಳ್ಳಿ, ಆಮೇಲೆ ವಾರಕ್ಕೆ ಎರಡು ದಿನ ದಾಟದಂತೆ ನೋಡಿಕೊಳ್ಳಿ. ದೊಡ್ಡವರಿಗೆ 650ರ ಪ್ಯಾರಾಸಿಟಮಾಲ್ ಆದರೆ ಆರು ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕೇ. ಡೋಲೋ ಬೇರೆ, ನೆಗಡಿ ಮಾತ್ರೆ ಬೇರೆ ಎಂದು ಎರಡನ್ನೂ ನುಂಗುವವರಿದ್ದಾರೆ. ನೆಗಡಿ ಮಾತ್ರೆಗಳಲ್ಲಿ ಬಹುತೇಕ ಅದೇ ಪ್ಯಾರಾಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂಭಾಗ ಓದಿ. ಲಿವರ್ ತೊಂದರೆ ಇರುವವರು, ಕುಡಿಯುವವರು ಇದಕ್ಕೂ ಕಡಿಮೆ ಎಷ್ಟು ಎಂದು ಕೇಳಿಕೊಳ್ಳಬೇಕು. ಪೆಟ್ಟಾದ ಮೊದಲ ಒಂದೆರಡು ದಿನ ಡಾಕ್ಟರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ, ರಕ್ತಸ್ರಾವ ಇದ್ದರೆ ಹೆಚ್ಚಾದೀತು.

ನೋವು ನಾಲ್ಕು ವಾರ ದಾಟಿದರೆ ನ್ಯೂರಾಲಜಿ ಓಪಿಡಿಯಲ್ಲಿ ಅಮಿಟ್ರಿಪ್ಟಿಲಿನ್ ಅಥವಾ ಪ್ರೊಪ್ರನಲಾಲ್‌ನಂಥ ತಡೆಮಾತ್ರೆ, ಅಂದರೆ ನೋವು ಬರದಂತೆ ದಿನವೂ ನುಂಗುವ ಮಾತ್ರೆ, ಬರೆಯಬಹುದು. ಜನ ಎಡವುವುದು ಇಲ್ಲಿ: ನಾಲ್ಕು ದಿನ ನುಂಗಿ, ಬೆಳಗ್ಗೆ ಮಂಪರು, ಬಾಯಿ ಒಣಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅಮಿಟ್ರಿಪ್ಟಿಲಿನ್ ರಾತ್ರಿ ಸ್ವಲ್ಪ ಬೇಗ ತೆಗೆದುಕೊಂಡರೆ ಬೆಳಗಿನ ಮಂಪರು ಕಡಿಮೆ. ಪರಿಣಾಮ ತಿಳಿಯಲು ಆರರಿಂದ ಎಂಟು ವಾರ ಬೇಕು. ಆಸ್ತಮಾ ಇರುವವರಿಗೆ ಪ್ರೊಪ್ರನಲಾಲ್ ಆಗದು, ಅದನ್ನು ಮೊದಲೇ ಹೇಳಬೇಕು. ಓಪಿಡಿಗೆ ಹೋಗುವಾಗ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಂಡು ಹೋದರೂ ಸಾಕು. ನೋವಿದ್ದ ದಿನಕ್ಕೆ ಹತ್ತಕ್ಕೆ ಎಷ್ಟು ಎಂಬ ಅಂಕ, ಮಾತ್ರೆ ನುಂಗಿದ ದಿನಕ್ಕೆ ಒಂದು ಸುತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ. ಎರಡು ನಿಮಿಷದ ಓಪಿಡಿಯಲ್ಲಿ ಡಾಕ್ಟರಿಗೆ ಇದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿಲ್ಲ.

ತಲೆಸುತ್ತು ಉಳಿದುಕೊಂಡವರಿಗೆ ಮೈಸೂರಿನಲ್ಲಿ ಒಂದು ಅನುಕೂಲವಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನದನ್ನು ನೋಡಲು ತಲೆ ಎತ್ತಿದರೆ ಮನೆಯೇ ತಿರುಗಿದಂತಾಗಿ ಒಂದು ನಿಮಿಷದೊಳಗೆ ನಿಂತರೆ, ಅದು ಒಳಕಿವಿಯ ಸಣ್ಣ ಹರಳುಗಳು ಪೆಟ್ಟಿಗೆ ಜಾಗ ತಪ್ಪಿದ್ದು. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸುವ ಎಪ್ಲಿ ವಿಧಾನದಿಂದ ಎಷ್ಟೋ ಸಲ ಒಂದೆರಡು ಭೇಟಿಯಲ್ಲೇ ವಾಸಿ. ಇದಕ್ಕೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುವುದು ದಂಡ. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆಗಳನ್ನು ಮಾಡುತ್ತಾರೆ, ಇಎನ್‌ಟಿಯೂ ಅಲ್ಲೇ ಇದೆ. ಕತ್ತಿಗೆ ಪೆಟ್ಟಾಗಿರುವವರು ಯೂಟ್ಯೂಬ್ ನೋಡಿ ಮನೆಯಲ್ಲೇ ಇದನ್ನು ಮಾಡಿಕೊಳ್ಳಬಾರದು. ಪೆಟ್ಟಿನಿಂದ ವಾಸನೆ ತಿಳಿಯದಂತಾದವರು ಅಡುಗೆಮನೆಯ ಗ್ಯಾಸ್ ಮತ್ತು ಹಳಸಿದ ಊಟದ ವಿಷಯದಲ್ಲಿ ಇನ್ನೊಬ್ಬರ ಮೂಗನ್ನು ನಂಬಬೇಕು. ಸಿಡುಕು, ಭಯ, ನಿದ್ದೆಗೆಟ್ಟ ರಾತ್ರಿಗಳೂ ಪೆಟ್ಟಿನ ಭಾಗವೇ, ನಾಟಕವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗರಡಿಯ ಹುಡುಗರಿಗೆ, ಕಬಡ್ಡಿ ಆಡುವವರಿಗೆ ಒಂದು ಮಾತು ಬೇರೆಯೇ ಇರಬೇಕಿತ್ತು. ದಸರಾ ಕುಸ್ತಿಗೆ ಜೋಡಿ ಕಟ್ಟಿಯಾಗಿದೆ ಎಂದು ತಲೆನೋವು ಇಟ್ಟುಕೊಂಡೇ ಅಖಾಡಕ್ಕೆ ಇಳಿಯುವಂತಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ, ಅದರಲ್ಲೂ ಎಳೆಯ ವಯಸ್ಸಿನಲ್ಲಿ, ಮಿದುಳು ಥಟ್ಟನೆ ಊದಿಕೊಂಡು ಜೀವಕ್ಕೇ ಮುಳುವಾಗಬಹುದು. ನಡಿಗೆ, ಓಟ, ಒಬ್ಬನೇ ಮಾಡುವ ಸಾಮು, ಹಿಡಿತವಿಲ್ಲದ ಅಭ್ಯಾಸ, ಡಾಕ್ಟರ ಒಪ್ಪಿಗೆ ಪಡೆದು ಪೂರ್ತಿ ಅಭ್ಯಾಸ, ಕೊನೆಗೆ ಜೋಡಿ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ಶಾಲೆ, ಕಾಲೇಜಿನವರು ಆಟಕ್ಕಿಂತ ಮೊದಲು ಪಾಠಕ್ಕೆ ಮರಳಬೇಕು, ಅದೂ ಅರ್ಧ ದಿನದಿಂದ.

ದುಡ್ಡಿನ ವಿಷಯ ಚುಟುಕಾಗಿ. ಮೋಟಾರು ವಾಹನದ ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಜಾರಿಯಲ್ಲಿದೆ: ನಿಗದಿತ ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಏಳು ದಿನ. ಹಾಳೆ ಎರಡು ದಿನಕ್ಕೆ ಮುಗಿದರೆ ಯೋಜನೆ ವಾರಕ್ಕೆ ಮುಗಿಯುತ್ತದೆ. ಎಂಟನೇ ದಿನದ ತಲೆನೋವಿಗೆ ಖರ್ಚು ನಿಮ್ಮದೇ, ಆದ್ದರಿಂದ ತಡೆಮಾತ್ರೆ, ಫಿಸಿಯೋಥೆರಪಿಯಂಥ ದೀರ್ಘ ಚಿಕಿತ್ಸೆಗೆ ಸರ್ಕಾರಿ ಓಪಿಡಿಯೇ ವಾಸಿ. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸು) ಆಗಿದ್ದರೆ ಅದರ ನಂಬರು ಬರೆದಿಟ್ಟುಕೊಳ್ಳಿ, ಮುಂದೆ ವಿಮೆಗೆ ಬೇಕಾಗುತ್ತದೆ.

ಹಾಳೆಯನ್ನು ಆಸ್ಪತ್ರೆಗಳು ಬದಲಾಯಿಸುವವರೆಗೆ ಒಂದು ಉಪಾಯ: ಕೌಂಟರ್ ಬಿಡುವ ಮುನ್ನ ಅದನ್ನು ತಿರುಗಿಸಿ, ಖಾಲಿ ಬದಿಯಲ್ಲಿ ಪೆಟ್ಟು ಬಿದ್ದ ದಿನ ಮತ್ತು ಗಂಟೆ, ಸ್ಕ್ಯಾನ್ ಮಾಡಿದ ಗಂಟೆ, ಎರಡು ವಾರದ ನಂತರ ಯಾವ ಓಪಿಡಿಗೆ ಯಾವ ದಿನ ಬರಬೇಕು ಎಂಬುದನ್ನು ಬರೆಸಿಕೊಳ್ಳಿ. "ಎಸ್‌ಓಎಸ್ ಅಂದ್ರೆ ಯಾವತ್ತು ಸಾರ್?" ಎಂದು ಕೇಳಿದರೆ ಡ್ಯೂಟಿ ಡಾಕ್ಟರು ತಾರೀಖು ಹಾಕಿಕೊಡುತ್ತಾರೆ. ಫಿಲಂ ಜೊತೆಗೆ ಸ್ಕ್ಯಾನಿನ ಸಿಡಿಯನ್ನೂ ಕೇಳಿ. ಫಿಲಂ ಶಾಖಕ್ಕೆ ಕಪ್ಪಾಗುತ್ತದೆ, ಬೈಕಿನ ಡಿಕ್ಕಿಯಲ್ಲೋ ಬಿಸಿಲು ಬೀಳುವ ಕಪಾಟಿನ ಮೇಲೋ ಇಡಬೇಡಿ. ತಿಂಗಳು ಬಿಟ್ಟು ಎರಡನೇ ಸ್ಕ್ಯಾನ್ ಬೇಕಾದರೆ ಅದನ್ನು ಓದುವವರು ಮೊದಲು ಕೇಳುವುದೇ ಹಳೆಯ ಸ್ಕ್ಯಾನನ್ನು.